ಬಾಣಂತಿ ಇಂಜಿನ್ನು ಗುಡ್ಡ ಹತ್ತಿದ್ದು

೧೯೯೫ರಲ್ಲಿ ನಾನು ಸಾಲಿ ಬಿಟ್ಟೆ, ಒಂಬತ್ತನೇ ಇಯತ್ತೆಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮರುದಿನ ಗಾಡಿ ರಿಪೇರಿಯ ಉಸ್ತಾದರ ಕೈ ಕೆಳಗೆ ಪಾನಾ ಹಿಡಿದೆ. ಅದಕ್ಕೆ ನನಗೆ ನಾಚಿಕೆ ಇಲ್ಲ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ರಸ್ತೆಗೆ ಈಗ ನನ್ನದೇ ಶೆಡ್ಡು ಐತಿ. ನಾನು ಕಟ್ಟಿದ ಇಂಜಿನ್ನು ಅದೇ ದೂರು ಹೊತ್ತು ಮರಳಿ ಬಂದದ್ದು ಒಂದೇ ಒಂದು. ಅದರ ಸಂಗತಿ ಇದು.

ಶೆಡ್ಡಿನಲ್ಲಿ ಕೆಲಸ ಮಾಡುವವನು ನಾನೊಬ್ಬನೇ. ಮನೆಯಲ್ಲೂ ನಾನೊಬ್ಬನೇ. ಅವ್ವ ಹೋದ ಮೇಲೆ ಒಲೆ ಹಚ್ಚುವುದು ಒಂದೇ ಹೊತ್ತು. ಮದುವೆ ಆಗಲಿಲ್ಲ, ಆ ಮಾತನ್ನು ಈಗ ಯಾರೂ ಎತ್ತುವುದೂ ಇಲ್ಲ. ಗಿರಾಕಿಗಳು ಗಾಡಿಯ ಬಗ್ಗೆ ಮಾತಾಡಿ ಹೋಗುತ್ತಾರೆ. ಸುಮ್ಮನೆ ನನ್ನ ಜೋಡಿ ಕೂತು ಮಾತಾಡುವ ಮನುಷ್ಯ ಎಂದರೆ ಉಸ್ತಾದರು ಮಾತ್ರ. ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟಿದ್ದರು. ದಿನಾ ಮುಂಜಾನೆ ಕೋಲು ಊರಿಕೊಂಡು ಬಂದು, ಗೋಡೆಗೆ ಹಚ್ಚಿ ಇಟ್ಟಿಗೆಯ ಮೇಲೆ ಕೂಡಿಸಿದ್ದ ಹಳೇ ಕಾರಿನ ಸೀಟಿನಲ್ಲಿ ಕೂತರೆ ಊಟದ ಹೊತ್ತಿಗೇ ಏಳುವರು. ಕಾಣದಿದ್ದರೂ ಸಪ್ಪಳ ಹಿಡಿದು ಹೇಳುವರು, "ಲೇ ತಮ್ಮಾ, ಆ ಬೋಲ್ಟ್ ಅಡ್ಡ ಹೊಂಟೈತಿ, ಹಿಂದಕ್ಕ ತಗಿ." ನೋಡಿದರೆ ಖರೆ ಇರುತ್ತಿತ್ತು. ಎದುರಿನ ಅಂಗಡಿಯಿಂದ ಚಹ ತಂದು ನಾನು ಎರಡು ಗ್ಲಾಸಿಗೆ ಹಾಕುತ್ತಿದ್ದೆ.

ಆ ವರ್ಷ ಬ್ಯಾಸಿಗಿ ಮುಗಿಯುವ ಹೊತ್ತಿಗೆ ಪ್ರಚಾರದ ಕಾರು ಬಂತು. ಟರ್ಬೊ ಇಲ್ಲದ ಹಳೇ ಡೀಸೆಲ್ ಗಾಡಿ, ಮೂರು ಲಕ್ಷ ಕಿಲೋಮೀಟರ್ ಯಾವಾಗಲೋ ದಾಟಿತ್ತು. ಮೇಲೆ ಎರಡು ಮೈಕು ಕಟ್ಟಿಕೊಂಡು ಅದರ ಮಾಲಕರು ಊರೂರು ತಿರುಗುತ್ತಿದ್ದರು. ಯಾರೋ ತೀರಿಕೊಂಡದ್ದು, ಅರಿವೆ ಅಂಗಡಿಯ ರಿಯಾಯ್ತಿ, ನಾಟಕದ ಖಬರ, ನಳದ ನೀರು ಬರದ ದಿನ, ಎಲ್ಲಾ ಅವರ ಬಾಯಿಂದಲೇ ಈ ಭಾಗಕ್ಕೆ ತಿಳಿಯಬೇಕು. ನಾನು ಅವರಿಗೆ ಅಣ್ಣಾರ ಅನ್ನುತ್ತೇನೆ, ಅವರು ನನಗೆ ಮಿಸ್ತ್ರಿ ಅನ್ನುತ್ತಾರೆ.

ಗಾಡಿ ಎಣ್ಣೆ ಕುಡಿಯುತ್ತಿತ್ತು. ವಾರ ಕಳೆಯುವುದರೊಳಗೆ ಎಣ್ಣೆ ಅಳೆಯುವ ಡಿಪ್ ಕಡ್ಡಿಯ ಕೆಳಗಿನ ಗುರುತಿಗೂ ಎಣ್ಣೆ ಹತ್ತುತ್ತಿರಲಿಲ್ಲ. ಹಿಂದೆ ನೀಲಿ ಹೊಗೆ.

"ಬಾಳೆಹೊಸೂರಾಗ ಮಣ್ಣಿನ ಸುದ್ದಿ ಹೇಳಾಕ ಹೋದೆ, ಮಿಸ್ತ್ರಿ," ಎಂದರು ಅಣ್ಣಾರು. "ಓಣಿಗೆ ಗಾಡಿ ಹೊಕ್ಕಿದ್ದ ತಡ, ಹೆಣ್ಮಕ್ಕಳು ಪಟಾಪಟಾ ಬಾಗಲಾ ಹಾಕ್ಕೊಂಡ್ರು. ಪಂಚಾಯ್ತಿಯವ್ರು ಸೊಳ್ಳಿಗೆ ಹೊಗಿ ಹೊಡ್ಯಾಕ ಬಂದಾರ ಅಂತ ತಿಳದ್ರಂತ. ಸತ್ತವ್ರು ಯಾರು ಅನ್ನೂದ ಯಾರಿಗೂ ಕೇಳಿಲ್ಲ."

ಉಸ್ತಾದರು ಕೆಮ್ಮು ಬರುವ ತನಕ ನಕ್ಕರು. ಅಣ್ಣಾರು ನಗಲಿಲ್ಲ. ಗಾಡಿಯ ಪಾಸಿಂಗ್, ಆರ್‌ಟಿಓದವರ ತಪಾಸಣೆ, ಹತ್ತಿರ ಬಂದಿತ್ತು. ಈ ಹೊಗೆ ನೋಡಿದರೆ ಪಾಸು ಮಾಡುವುದಿಲ್ಲ, ಪಾಸು ಆಗದಿದ್ದರೆ ಮೈಕು ಬಂದ್. ಬೇರೆ ಕೆಲಸ ಅವರಿಗೆ ಬರುವುದಿಲ್ಲ.

ಎಣ್ಣೆ ಹೋಗುತ್ತದೆ ಎಂದ ಕೂಡಲೇ ಇಂಜಿನ್ ಬಿಚ್ಚುವವನು ನಾನಲ್ಲ. ಮೊದಲು ಇಂಜಿನ್ನಿನ ಕೆಳಗೆ ರಟ್ಟು ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ರಟ್ಟು ಒಣಗೇ ಇತ್ತು, ಅಂದರೆ ಸೋರಿಕೆ ಇಲ್ಲ. ಬಂದ ಹೊಗೆ ನೀಲಿ, ಮೂಗಿಗೆ ಸುಟ್ಟೆಣ್ಣೆಯ ವಾಸನೆ. ಕಪ್ಪಿದ್ದರೆ ಡೀಸೆಲ್ ಹೆಚ್ಚಾಗಿದೆ ಅನ್ನಬಹುದಿತ್ತು, ಬಿಳಿ ಇದ್ದರೆ ನೀರು ನೋಡಬೇಕಿತ್ತು. ಆಮೇಲೆ ಹೊಗೆ ಯಾವಾಗ ಬರುತ್ತದೆ ಎಂದು ನೋಡಿದೆ. ಮುಂಜಾನೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಗಪ್ಪನೆ ಹೊಗೆ ಬಂದು ನಿಂತರೆ ವಾಲ್ವಿನ ಸೀಲು ಹೋಗಿರುತ್ತವೆ. ಎಕ್ಸಲೇಟರ್ ಒತ್ತಿದಾಗಲೆಲ್ಲ ಬಂದರೆ ಪಿಸ್ಟನ್ನಿನ ರಿಂಗು. ಇದು ಎರಡೂ ಹೊತ್ತಿಗೆ ಬರುತ್ತಿತ್ತು, ಆದರೆ ಒತ್ತಿದಾಗ ಬರುವುದು ಹೆಚ್ಚು.

ಇಂಜಿನ್ ಚಾಲೂ ಇಟ್ಟು ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ, ಅದನ್ನು ಬೋರಲು ಮಾಡಿ ತೂತಿನ ಮೇಲೆ ಇಟ್ಟೆ. ಮುಚ್ಚಳ ಕುಣಿಯತೊಡಗಿತು. ಸಿಲಿಂಡರಿನ ಒತ್ತಡ ರಿಂಗು ದಾಟಿ ಕೆಳಗಿಳಿದು ಅಲ್ಲಿಂದ ಉಸಿರು ಬಿಡುತ್ತಿತ್ತು. ಕೊನೆಗೆ ಗ್ಲೋ ಪ್ಲಗ್ ಬಿಚ್ಚಿ ಆ ತೂತುಗಳಿಗೆ ಕಂಪ್ರೆಷನ್ ಗೇಜು ಹಚ್ಚಿದೆ. ನಡುವಿನ ಎರಡು ಸಿಲಿಂಡರು ಬಿದ್ದಿದ್ದವು. ಅವಕ್ಕೆ ಒಂದು ಸಣ್ಣ ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಮೇಲೇರಿತು. ವಾಲ್ವು ಹೋಗಿದ್ದರೆ ಎಣ್ಣೆ ಬಿಟ್ಟರೂ ಏರುತ್ತಿರಲಿಲ್ಲ. ರಿಂಗೇ ಎಂದು ಖಾತ್ರಿಯಾಯಿತು.

ಚೈನ್ ಬ್ಲಾಕಿಗೆ ಇಂಜಿನ್ ಎತ್ತಿ ಇಳಿಸಿ, ಹೆಡ್ ಬಿಚ್ಚಿ, ಪಿಸ್ಟನ್ ಹೊರಗೆ ತೆಗೆದೆ. ಎಣ್ಣೆ ಕೆರೆಯುವ ರಿಂಗುಗಳು ಕಿಟ್ಟ ಹಿಡಿದು ಪಿಸ್ಟನ್ನಿನ ಕಚ್ಚಿನೊಳಗೇ ಅಂಟಿಕೊಂಡಿದ್ದವು. ವಾಲ್ವಿನ ಸೀಲು ಉಗುರಿನಂತೆ ಗಟ್ಟಿಯಾಗಿದ್ದವು. ಬ್ಲಾಕನ್ನು ಬೆಟಗೇರಿಯ ಲೇತಿಗೆ ಒಯ್ದೆ. ಲೇತಿನವರು ಅಳತೆ ಹಿಡಿದು, ಸವಕಳಿ ಇನ್ನೂ ಮಿತಿಯೊಳಗಿದೆ, ಬೋರ್ ಮಾಡುವುದು ಬೇಡ, ಹೋನಿಂಗ್ ಸಾಕು ಎಂದರು. ಹೋನಿಂಗ್ ಎಂದರೆ ಸಿಲಿಂಡರಿನ ಗೋಡೆಗೆ ಒಂದರ ಮೇಲೊಂದು ಅಡ್ಡಡ್ಡ ಸಣ್ಣ ಗೀರು ಹಾಕುವುದು. ಆ ಗೀರಿನಲ್ಲಿ ಎಣ್ಣೆ ನಿಲ್ಲುತ್ತದೆ, ಹೊಸ ರಿಂಗು ಆ ಗೀರಿಗೆ ತಿಕ್ಕಿಕೊಂಡು ಗೋಡೆಯ ಆಕಾರಕ್ಕೆ ಕೂಡುತ್ತದೆ. ಗದಗಿನಿಂದ ರಿಂಗು, ಸೀಲು, ಬೇರಿಂಗು ತಂದೆ. ಪ್ರತಿ ರಿಂಗನ್ನೂ ಅದರದೇ ಸಿಲಿಂಡರಿನಲ್ಲಿ ಇಟ್ಟು ಬಾಯಿಯ ಸಂದು ಅಳೆದೆ. ಎಲ್ಲಾ ಸರಿ ಇತ್ತು. ಈಗಲೂ ಹೇಳುತ್ತೇನೆ, ಆ ಇಂಜಿನ್ ಕಟ್ಟಿದ್ದರಲ್ಲಿ ಯಾವ ಕಸರೂ ಇರಲಿಲ್ಲ.

ಕಟ್ಟಿದ ಮೇಲೆ ನಮ್ಮಲ್ಲಿ ಒಂದು ಪದ್ಧತಿ. ಗಾಲಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮ, ಕಾಯಿ. ಆಮೇಲೆ ಇಂಜಿನ್ನನ್ನು ಮುಂಜಾನೆಯಿಂದ ಹೊತ್ತು ಮುಳುಗುವ ತನಕ ನಿಂತಲ್ಲೇ ಸಣ್ಣಗೆ ಚಾಲೂ ಇಡಬೇಕು. ಆಮೇಲೆಯೂ ತಿಂಗಳ ತನಕ ಮೆಲ್ಲಗೆ ನಡೆಸಬೇಕು. ಉಸ್ತಾದರು ಇದನ್ನು ನನಗೆ ಮೊದಲ ವರ್ಷವೇ ಹೇಳಿಕೊಟ್ಟಿದ್ದರು. "ಈಗಿನ್ನೂ ಬಾಣಂತಿ ಐತಿ ಅದು. ಬೆಚ್ಚಗಿಡಬೇಕು, ಕೆಲಸಾ ಹೇಳಬಾರ್ದು." ಈ ಭಾಗದ ಶೆಡ್ಡುಗಳಲ್ಲೆಲ್ಲ ಹಾಗೇ ಮಾಡುತ್ತಾರೆ. ಅಂದೂ ಹಾಗೇ ಮಾಡಿದೆವು. ಉಸ್ತಾದರು ಊಟಕ್ಕೂ ಹೋಗದೆ ಸೀಟಿನಲ್ಲಿ ಕೂತು ಆ ಸಪ್ಪಳ ಕೇಳುತ್ತಿದ್ದರು. ಅಣ್ಣಾರಿಗೆ, "ಮೆಲ್ಲಕ ಹೋಗ್ರಿ," ಎಂದು ಹೇಳುವ ಗರಜೇ ಇರಲಿಲ್ಲ. ಪ್ರಚಾರದ ಗಾಡಿ ಮನುಷ್ಯ ನಡೆಯುವಷ್ಟೇ ಮೆಲ್ಲಗೆ ಹೋಗುವುದು.

ಮಳೆ ಶುರುವಾಗುವ ಹೊತ್ತಿಗೆ ಗಾಡಿ ಮತ್ತೆ ಶೆಡ್ಡಿನ ಮುಂದೆ ನಿಂತಿತು. ಹೊಗೆ ಮೊದಲಿನಷ್ಟೇ. ಅಣ್ಣಾರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ಏನ್ ಮಾಡೂದ್ರಿ ಈಗ?" ಎಂದಷ್ಟೇ ಕೇಳಿದರು. ಉಸ್ತಾದರು ರಿಂಗಿನ ಮಾಲು ಡೂಪ್ಲಿಕೇಟ್ ಇರಬೇಕು ಎಂದರು. ಡಬ್ಬಿ, ಗುರುತು ಎಲ್ಲಾ ನೋಡಿಯೇ ತಂದಿದ್ದೆ. ಆದರೂ ಮಾತು ಬೆಳೆಸಲಿಲ್ಲ.

ಇಂಜಿನ್ ಬಿಚ್ಚುವ ಮೊದಲು ಅದು ದಿನವಿಡೀ ಹೇಗೆ ಓಡುತ್ತದೆ ನೋಡಬೇಕು ಅನ್ನಿಸಿತು. ಮರುದಿನ ಶೆಡ್ಡಿಗೆ ಕೀಲಿ ಹಾಕಿ ಅಣ್ಣಾರ ಪಕ್ಕದ ಸೀಟಿನಲ್ಲಿ ಕೂತೆ. ಮುಂಡರಗಿ ಕಡೆಯ ಹಳ್ಳಿಗಳಿಗೆ ಒಂದು ನಾಟಕದ ಪ್ರಚಾರ ಇತ್ತು. ಫಸ್ಟ್ ಗೇರು, ಕಾಲು ಎಕ್ಸಲೇಟರಿನ ಮೇಲೆ ಇದ್ದೂ ಇಲ್ಲದ ಹಾಗೆ. ಓಣಿಯ ತುದಿಗೆ ನಿಲ್ಲುವುದು, ಮತ್ತೆ ಅದೇ ಮಾತು. ನಿಂತಾಗಲೂ ಇಂಜಿನ್ ಬಂದ್ ಇಲ್ಲ, ಬಂದ್ ಮಾಡಿದರೆ ಮೈಕಿನ ಮಷೀನು ಬ್ಯಾಟರಿ ಕುಡಿದುಬಿಡುತ್ತದೆ.

ಕೊರ್ಲಹಳ್ಳಿಯಲ್ಲಿ ಹೊಳಿ ದಂಡಿಗೆ ಗಾಡಿ ನಿಲ್ಲಿಸಿ ರೊಟ್ಟಿ ಬಿಚ್ಚಿದೆವು. ಅಲ್ಲಿಯೂ ಇಂಜಿನ್ ಚಾಲೂ. ಅಣ್ಣಾರು ಮೈಕು ಬಾಯಿಂದ ಇಳಿಸಿದ್ದು ಅದೇ ಮೊದಲು.

"ದಿನಾ ಮುಂಜಾನಿಂದ ಸಂಜಿತನಕ ಮಾತಾಡ್ತೀನಿ ಮಿಸ್ತ್ರಿ," ಎಂದರು. "ತಿರುಗಿ ಒಂದ್ ಮಾತು ನನಗ ಯಾರೂ ಅನ್ನಂಗಿಲ್ಲ. ಗಾಡ್ಯಾಗ ಇನ್ನೊಬ್ರು ಕುಂತಿದ್ದು ಇವತ್ತ ನೋಡ್ರಿ."

ಎದ್ದು ಹೋಗಿ ಬಾನೆಟ್ ಎತ್ತಿ ರೇಡಿಯೇಟರಿನ ಮೇಲೆ ಕೈ ಇಟ್ಟೆ. ಉಗುರುಬೆಚ್ಚಗೆ ಇತ್ತು. ಮುಂಜಾನೆಯಿಂದ ಓಡಿದ ಡೀಸೆಲ್ ಇಂಜಿನ್ನಿನ ಮೇಲೆ ಕೈ ಇಟ್ಟುಕೊಂಡೇ ನಿಲ್ಲಬಹುದಿತ್ತು. ಒಳಗೆ ಬಂದು ನೋಡಿದರೆ ಹೀಟಿನ ಮುಳ್ಳು ತಳ ಬಿಟ್ಟು ಮೇಲೆ ಎದ್ದಿರಲಿಲ್ಲ.

ತಿರುಗಿ ಬರುವಾಗ ನನಗೆ ಒಂದು ಟ್ರ್ಯಾಕ್ಟರ್ ನೆನಪಾಯಿತು. ಮುಂಡರಗಿ ಕಡೆಯ ಎರೆ ಹೊಲದ ರೈತರೊಬ್ಬರದು. ಇಂಜಿನ್ ಕಟ್ಟಿಕೊಟ್ಟ ದಿನವೇ, ಹೊಲ ಹದಕ್ಕೆ ಬಂದಿದೆ, ಒಂದು ದಿನ ತಡೆದರೂ ಆರಿಹೋಗುತ್ತದೆ ಎಂದು ಯಾರ ಮಾತೂ ಕೇಳದೆ ಸೀದಾ ಒಯ್ದು ನೇಗಿಲು ಹೂಡಿದ್ದರು. ಉಸ್ತಾದರು ಅಂದು ಸಿಟ್ಟಿನಿಂದ ಊಟ ಬಿಟ್ಟಿದ್ದರು. ಆದರೆ ಆ ಟ್ರ್ಯಾಕ್ಟರ್ ಇವತ್ತಿನ ತನಕ ಮೇಲೆ ಎಣ್ಣೆ ಕೇಳಿಲ್ಲ. ಬಾಣಂತನ ಮಾಡಿಸಿಕೊಂಡ ಎಷ್ಟೋ ಇಂಜಿನ್ನು ಸ್ವಲ್ಪ ಸ್ವಲ್ಪ ಎಣ್ಣೆ ಕುಡಿಯುತ್ತಲೇ ಇರುತ್ತವೆ, ಹಳೇ ಗಾಡಿ ಅಷ್ಟು ಕುಡಿಯುವುದೇ ಎಂದು ನಾವೂ ಬಿಡುತ್ತೇವೆ. ಆ ರೈತರದು ನಸೀಬು ಎಂದು ಇಷ್ಟು ದಿನ ತಿಳಿದಿದ್ದೆ.

ಇಂಜಿನ್ ಬಿಚ್ಚಿದೆ. ಸಿಲಿಂಡರಿನ ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸವೆದು ಹೊಳೆಯುವುದು ಬೇರೆ, ಆಗ ಗೀರು ಅಳಿಸಿಹೋಗಿರುತ್ತವೆ. ಇಲ್ಲಿ ಬ್ಯಾಟರಿ ದೀಪ ಹಿಡಿದು ನೋಡಿದರೆ ಬೆಟಗೇರಿಯಲ್ಲಿ ಹಾಕಿಸಿದ ಗೀರು ಹಾಗೇ ಇದ್ದವು, ಅವುಗಳ ಮೇಲೆ ವಾರ್ನಿಷ್ ಬಳಿದ ಹಾಗೆ ಸುಟ್ಟೆಣ್ಣೆಯ ಪದರ ಕೂತಿತ್ತು. ಹೊಸ ರಿಂಗುಗಳ ಅಂಚಿನಲ್ಲಿ ತಿಕ್ಕಿದ ಗುರುತು ಅಲ್ಲೊಂದು ಇಲ್ಲೊಂದು. ಅವು ಗೋಡೆಗೆ ಕೂತೇ ಇರಲಿಲ್ಲ. ಭಾರ ಬಿದ್ದರೆ ಸಿಲಿಂಡರಿನ ಒತ್ತಡ ರಿಂಗಿನ ಹಿಂದೆ ಹೊಕ್ಕು ಅದನ್ನು ಗೋಡೆಗೆ ಒತ್ತುತ್ತದೆ. ಭಾರವಿಲ್ಲದೆ ತಣ್ಣಗೆ ಓಡಿದರೆ ಒತ್ತುವುದಿಲ್ಲ. ಎಣ್ಣೆ ಮೇಲೆ ಬಂದು ಅರ್ಧ ಸುಟ್ಟು ಗೀರಿನಲ್ಲಿ ತುಂಬಿಕೊಳ್ಳುತ್ತದೆ, ಆಮೇಲೆ ಎಷ್ಟು ಓಡಿಸಿದರೂ ರಿಂಗು ಕೂಡುವುದಿಲ್ಲ. ನಿಂತಲ್ಲಿ ಚಾಲೂ ಇಟ್ಟ ಆ ಮೊದಲ ದಿನವೇ ಕೆಡತೊಡಗಿತ್ತು, ಉಳಿದದ್ದನ್ನು ಪ್ರಚಾರದ ನಡಿಗೆ ಮುಗಿಸಿತ್ತು.

ಅಣ್ಣಾರು ಮುಂಜಾನೆ ಬಂದಾಗ ಉಸ್ತಾದರು ಸೀಟಿನಲ್ಲಿ ಕೂತಿದ್ದರು. ಮೂವರಿಗೂ ಚಹ ಬಂದಿತ್ತು. ಮತ್ತೆ ಹೋನಿಂಗ್ ಮಾಡಿಸಿ ಹೊಸ ರಿಂಗು ಹಾಕುತ್ತೇನೆ, ಈ ಸಲದ ಖರ್ಚು ನನ್ನದು ಎಂದು ಅಣ್ಣಾರಿಗೆ ಹೇಳಿದೆ. ಆಮೇಲೆ ಉಸ್ತಾದರ ಕಡೆ ತಿರುಗಿದೆ.

"ಉಸ್ತಾದ್ರ, ಈ ಸಲ ನಿಂದ್ರಸಿ ಚಾಲೂ ಇಡಂಗಿಲ್ಲ. ಭಾರಾ ಹೇರಿ ಸೀದಾ ಗುಡ್ಡಕ್ಕ ಒಯ್ತೀನಿ."

ಚ್ಯಾಷ್ಟಿ ಎಂದು ತಿಳಿದು ಅವರು ನಕ್ಕರು. ನಾನು ನಗದಿದ್ದದ್ದು ತಿಳಿದ ಮೇಲೆ ಕೋಲು ಹುಡುಕಿದರು. "ಹಸಿ ಬಾಣಂತಿ ತಲಿ ಮ್ಯಾಲ ಕಟಗಿ ಹೊರಿ ಹೊರಸಾವ ನೀನು. ಯಾರ್ ಕಲಿಸಿದ್ರಲೇ ಇದನ್ನ?"

"ಯಾರೂ ಕಲಿಸಿಲ್ರಿ."

"ಹಂಗಂದ್ರ ನಾ ಕಲಿಸಿದ್ದು?"

ಇಲ್ಲಿ ಸುಮ್ಮನಿರಬಹುದಿತ್ತು. ರಿಂಗಿನ ಮಾಲು ಕೆಟ್ಟದ್ದಿತ್ತು ಎಂದು ಅವರ ಮಾತನ್ನೇ ಹಿಡಿದು, ಗುಡ್ಡದ ಮಾತು ಅಲ್ಲಿಗೇ ಬಿಟ್ಟು, ಆಮೇಲೆ ಅವರಿಗೆ ಹೇಳದೇ ಒಯ್ಯಬಹುದಿತ್ತು. ಆದರೆ ಆ ಇಂಜಿನ್ನು ನನ್ನ ಕೈಯಲ್ಲಿ ಕೆಟ್ಟಿತು ಎಂದು ಊರೆಲ್ಲ ಮಾತಾಗಿತ್ತು. ನನ್ನ ಕೈ ತಪ್ಪಿಲ್ಲ ಎಂದು ಯಾರಾದರೂ ಕೇಳಿಸಿಕೊಳ್ಳಬೇಕಾಗಿತ್ತು.

"ದಿನಪೂರ್ತಿ ನಿಂದ್ರಸಿ ಚಾಲೂ ಇಟ್ಟಿದ್ದಕ್ಕ ಇದು ಕೆಟ್ಟೈತ್ರಿ. ಆ ಪದ್ಧತಿ ತಪ್ಪೈತಿ."

ಅಣ್ಣಾರು ತಮ್ಮ ಗ್ಲಾಸಿನೊಳಗೆ ನೋಡುತ್ತ ಕೂತರು. ಉಸ್ತಾದರು ಕಾಲಿನಿಂದ ತಡಕಾಡಿ ಚಪ್ಪಲಿ ಮೆಟ್ಟಿಕೊಂಡರು. "ಆತು," ಎಂದರು. "ನಿನ್ನ ಶೆಡ್ಡು, ನಿನ್ನ ಇಂಜಿನ್ನು." ಚಹ ಅರ್ಧ ಉಳಿದಿತ್ತು. ಗಿರಾಕಿಯ ಮುಂದೆ ಅವರಿಗೆ ಹಾಗೆ ಅಂದವರು ಅವರ ಜೀವನದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಮರುದಿನ ಸೀಟು ಖಾಲಿ ಇತ್ತು. ಅದರ ಮರುದಿನವೂ.

ಎರಡನೇ ಸಲ ಕಟ್ಟುವಾಗ ಶೆಡ್ಡಿನಲ್ಲಿ ಪಾನಾದ ಸಪ್ಪಳ ಬಿಟ್ಟರೆ ಬೇರೆ ಸಪ್ಪಳ ಇರಲಿಲ್ಲ. ಹೋನಿಂಗ್ ಮಾಡಿಸಿ ತಂದ ಬ್ಲಾಕನ್ನು ಸಾಬೂನು, ಬಿಸಿನೀರು ಹಾಕಿ ತಿಕ್ಕಿದೆ. ಬಿಳಿ ಧೋತರದ ತುಂಡಿನಿಂದ ಗೋಡೆ ಒರೆಸಿ, ತುಂಡು ಬಿಳಿಯಾಗಿಯೇ ಹೊರಗೆ ಬರುವ ತನಕ ತೊಳೆದೆ. ಒಂದು ಬೋಲ್ಟು ಅಡ್ಡ ಹೊರಟಂತೆ ಅನ್ನಿಸಿ ಕೈ ನಿಲ್ಲಿಸಿದೆ. ಹೇಳುವವರಿಲ್ಲ. ಬಿಚ್ಚಿ ನೋಡಿದೆ, ಸರಿಯೇ ಇತ್ತು. ಆಮೇಲೆ ಪ್ರತಿಯೊಂದನ್ನೂ ಎರಡೆರಡು ಸಲ ನೋಡಿದೆ.

ನಿಂಬೆಹಣ್ಣು, ಕಾಯಿ ಬಿಡಲಿಲ್ಲ. ಹಿಂದೆ, ಪಕ್ಕದಲ್ಲಿ, ಎಲ್ಲಾ ಸೀಟಿಗೂ ಉಸುಕಿನ ಚೀಲ ಹೇರಿದೆ. ಅಣ್ಣಾರು ಕೀಲಿ ಕೊಟ್ಟು ದೂರ ನಿಂತರು. "ನಾ ಬರಂಗಿಲ್ರಿ ಮಿಸ್ತ್ರಿ. ಜಾಮ್ ಆದ್ರ ನೋಡಾಕ ಆಗಂಗಿಲ್ಲ."

ಸ್ಟಾರ್ಟ್ ಮಾಡಿ, ಎಣ್ಣೆಯ ದೀಪ ಆರಿದ್ದು ನೋಡಿ, ಎಲ್ಲಿಯೂ ಸೋರುತ್ತಿಲ್ಲ ಎಂದು ಖಾತ್ರಿಯಾದ ಕೂಡಲೇ ಗಾಡಿ ಎತ್ತಿದೆ. ಶಿರಹಟ್ಟಿ ದಾಟುವ ಹೊತ್ತಿಗೆ ಹೀಟಿನ ಮುಳ್ಳು ನಡುವಿಗೆ ಬಂದಿತ್ತು. ಕಪ್ಪತಗುಡ್ಡದ ಏರು ಎದುರಿಗೆ ಬಂತು. ಥರ್ಡ್ ಗೇರಿನಲ್ಲಿ ವೇಗ ಇಳಿಸಿ, ಎಕ್ಸಲೇಟರ್ ಮುಕ್ಕಾಲು ಒತ್ತಿದೆ. ಮೂವತ್ತು ವರ್ಷ ನಾನು ಬೇರೆಯವರಿಗೆ ಮಾಡಬೇಡಿ ಎಂದು ಹೇಳಿದ್ದೇ ಅದು. ಕಾಲು ಒತ್ತುತ್ತಿದ್ದರೂ ಒಳಗೆ ಯಾರೋ ಹಿಂದಕ್ಕೆ ಎಳೆದಂತಾಗುತ್ತಿತ್ತು. ಕನ್ನಡಿಯಲ್ಲಿ ನೀಲಿ ಹೊಗೆ, ರಸ್ತೆ ಕಾಣದಷ್ಟು. ಇಂಜಿನ್ನಿನ ಸಪ್ಪಳ ಮಾತ್ರ ಶುದ್ಧವಾಗಿತ್ತು. ಮೇಲೆ ಹೋಗಿ ತಿರುಗಿಸಿ, ಅದೇ ಗೇರಿನಲ್ಲಿ ಕಾಲು ಪೂರ್ತಿ ಬಿಟ್ಟು ಇಳಿಸಿದೆ. ಹಾಗೆ ಇಳಿಸಿದರೆ ಎಣ್ಣೆ ಮೇಲಕ್ಕೆ ಬಂದು, ತಿಕ್ಕಿ ಉದುರಿದ ಕಬ್ಬಿಣದ ಪುಡಿ ತೊಳೆದುಹೋಗುತ್ತದೆ. ಮತ್ತೆ ಏರು, ಮತ್ತೆ ಇಳುಕು.

ಎಷ್ಟು ಸಲ ಹತ್ತಿದೆನೋ ಲೆಕ್ಕ ಇಡಲಿಲ್ಲ. ಹೊಗೆ ತೆಳುವಾದದ್ದು ಯಾವ ಸಲ ಎಂದೂ ಹೇಳಲಾರೆ. ಒಂದು ಸಲ ಕನ್ನಡಿ ನೋಡಿದಾಗ ಹಿಂದಿನ ರಸ್ತೆ, ಅದರ ಪಕ್ಕದ ಕುರುಚಲು ಗಿಡ, ಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿ ಕರೆಂಟಿನ ಫ್ಯಾನು, ಎಲ್ಲಾ ಸ್ವಚ್ಛ ಕಂಡವು. ಮೇಲೆ ಸಪಾಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಎಣ್ಣೆಯ ಮುಚ್ಚಳ ಬಿಚ್ಚಿ ಬೋರಲು ಇಟ್ಟೆ. ಮುಚ್ಚಳ ಇಟ್ಟಲ್ಲೇ ಕೂತಿತು. ಸ್ವಲ್ಪ ನಡುಗಿತು, ಕುಣಿಯಲಿಲ್ಲ.

ಮುಚ್ಚಳ ಹಾಕಿ ಒಳಗೆ ಬಂದು ಕೂತು, ಹೇಳಬೇಕೆಂದು ತಿರುಗಿದೆ. ಪಕ್ಕದ ಸೀಟಿನಲ್ಲಿ ಉಸುಕಿನ ಚೀಲ ಇತ್ತು. ಅಣ್ಣಾರ ಮೈಕು ಕೊಕ್ಕೆಯಲ್ಲಿ ತೂಗುತ್ತಿತ್ತು, ಕೈಗೆ ತಗೊಂಡೆ. ಅಲ್ಲಿ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ. ಮತ್ತೆ ಕೊಕ್ಕೆಗೆ ಹಾಕಿ ಗುಡ್ಡ ಇಳಿದೆ.

ಆ ಎಣ್ಣೆ ಬಸಿದು ಹೊಸದು ಹಾಕಿದೆ. ಬಸಿದದ್ದರಲ್ಲಿ ಸಣ್ಣ ಮಿನುಗು ಪುಡಿ ಇತ್ತು, ಅದು ರಿಂಗು ಕೂತ ಗುರುತು. ಮೈಕಿಗೆ ಬೇರೆ ಬ್ಯಾಟರಿ ಕೂಡಿಸಿ, ನಿಂತಾಗ ಇಂಜಿನ್ ಬಂದ್ ಮಾಡಬೇಕು, ದಿನಕ್ಕೊಮ್ಮೆ ದೊಡ್ಡ ರಸ್ತೆಗೆ ಹೋಗಿ ಮುಳ್ಳು ನಡುವಿಗೆ ಬಂದು ನಿಲ್ಲುವ ತನಕ ಜೋರು ಹೊಡೆಯಬೇಕು ಎಂದು ಅಣ್ಣಾರಿಗೆ ಹೇಳಿದೆ. ಪಾಸಿಂಗ್ ಆಯಿತು. ದೀಪಾವಳಿ ಹೊತ್ತಿಗೆ ಎಣ್ಣೆ ಬದಲಿಸಲು ಬಂದಾಗ ಎಣ್ಣೆ ಕಡ್ಡಿಯ ಮೇಲಿನ ಗುರುತಿನಿಂದ ಸ್ವಲ್ಪವೇ ಇಳಿದಿತ್ತು, ನಡುವೆ ಒಂದು ಹನಿಯೂ ಹಾಕಿರಲಿಲ್ಲ.

ಅಂದು ಅಣ್ಣಾರು ಚಹ ಕುಡಿಯುತ್ತ ಹೇಳಿದರು. ಉಸ್ತಾದರ ಓಣಿಗೆ ಪ್ರಚಾರಕ್ಕೆ ಹೋದಾಗಲೆಲ್ಲ ಅವರು ಸಪ್ಪಳ ಹಿಡಿದು ಕಟ್ಟೆ ಇಳಿದು ಬಂದು ಗಾಡಿಗೆ ಕೈ ಅಡ್ಡ ಹಿಡಿಯುತ್ತಾರಂತೆ. ಬಾನೆಟ್ ಎತ್ತಿಸುತ್ತಾರೆ. ಡಿಪ್ ಕಡ್ಡಿ ಎಳೆದು ತಮ್ಮ ಧೋತರದ ಚುಂಗಿಗೆ ಒರೆಸಿ, ಮತ್ತೆ ಹಾಕಿ ಎಳೆಯುತ್ತಾರೆ. ಎಣ್ಣೆ ಎಲ್ಲಿಗೆ ಹತ್ತಿದೆ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಾರೆ, ಮೂಸುತ್ತಾರೆ. ಆಮೇಲೆ ಹಿಂದೆ ಹೋಗಿ ಸೈಲೆನ್ಸರಿನ ಬಾಯಿಯೊಳಗೆ ಬೆರಳು ತಿರುಗಿಸುತ್ತಾರೆ.

"ಏನರ ಅಂದ್ರೇನ್ರಿ?" ಎಂದು ಕೇಳಿದೆ.

"ಏನೂ ಅನ್ನಂಗಿಲ್ಲ. ಬೆರಳು ಒರಸ್ಕೊಂಡು ಒಳಗ ಹೋಕ್ಕಾರ."

"ನನ್ನ ಸುದ್ದಿ?"

ಅಣ್ಣಾರು ತಲೆ ಆಡಿಸಿದರು. ಇಲ್ಲ.

ಕಡ್ಡಿಯನ್ನು ಒರೆಸಿ ಎರಡನೇ ಸಲ ಹಾಕಿ ನೋಡಿದ್ದೇ ಖರೆ ಎಂದು ನನಗೆ ಕಲಿಸಿದವರು ಅವರೇ. ಅವರ ಮನೆ ಶೆಡ್ಡಿನಿಂದ ದೂರವೇನಲ್ಲ, ಚಹ ಆರುವುದರೊಳಗೆ ಹೋಗಿ ಬರಬಹುದು. ಅವರು ಬಂದಿಲ್ಲ. ನಾನೂ ಹೋಗಿಲ್ಲ. ಹೋದರೆ ತಪ್ಪಾಯಿತು ಅನ್ನಬೇಕಾಗುತ್ತದೆ, ಇಂಜಿನ್ನಿನ ವಿಷಯದಲ್ಲಿ ನನ್ನದು ತಪ್ಪಿಲ್ಲ. ಆಮೇಲೆ ಕಟ್ಟಿದ ಎಲ್ಲಾ ಇಂಜಿನ್ನುಗಳನ್ನೂ ಭಾರ ಹೇರಿ ಗುಡ್ಡಕ್ಕೆ ಒಯ್ದಿದ್ದೇನೆ. ಒಂದೂ ಎಣ್ಣೆ ಕುಡಿಯುತ್ತಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಶೆಡ್ಡು, ಒಂದು ಚೈನ್ ಬ್ಲಾಕು, ಎರಡು ಜಾಕು, ಒಂದು ಕಂಪ್ರೆಷನ್ ಗೇಜು, ಹೊಲಿದಿಟ್ಟ ಹತ್ತು ಉಸುಕಿನ ಚೀಲ, ಇಟ್ಟಿಗೆಯ ಮೇಲೆ ಒಂದು ಕಾರಿನ ಸೀಟು, ಎರಡು ಚಹದ ಗ್ಲಾಸು.